ಕಪ್ಪು ಗಾಜು ಒಪ್ಪದ ಬಾಯಾರು

ಬಾಯಾರ ಎಡಗೈ ಬಲಗೈಗಿಂತ ಎದ್ದು ಕಾಣುವಷ್ಟು ಕಪ್ಪಗಿತ್ತು. ಬಲಗೈ ಗೋಧಿಯ ಬಣ್ಣ. ಎಡಗೈ ಮಾತ್ರ ಮೊಣಕೈಯಿಂದ ಬೆರಳ ತುದಿಯವರೆಗೆ ಕೆಂಡದ ಮೇಲೆ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ. ವರ್ಷಗಟ್ಟಲೆ ಕಾರಿನ ಎಡಗಡೆಯ ಸೀಟಿನಲ್ಲಿ ಕೂತು, ಗಾಜು ಪೂರ್ತಿ ಇಳಿಸಿ, ಆ ಕೈಯನ್ನು ಕಿಟಕಿಯ ಮೇಲಿಟ್ಟುಕೊಂಡು ಗದಗ-ಬೆಟಗೇರಿಯ ಹೆಂಗಸರಿಗೆ ಕಾರು ನಡೆಸಲು ಕಲಿಸಿದವರು ಅವರು. ಯಾರಾದರೂ ಕೈಯ ಬಗ್ಗೆ ಕೇಳಿದರೆ ಎತ್ತಿ ತೋರಿಸಿ, "ಇದು ನನ್ನ ಲೈಸೆನ್ಸು" ಅನ್ನುತ್ತಿದ್ದರು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಅನ್ನುತ್ತಾರೆ. ಇವರು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವರು. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಲಾರಿ ನಡೆಸುವವನನ್ನು ಮದುವೆಯಾಗಿ, ಅವನಿಂದಲೇ ಸ್ಟಿಯರಿಂಗ್ ಹಿಡಿಯುವುದನ್ನು ಕಲಿತು, ಅವನು ತೀರಿಕೊಂಡ ಮೇಲೆ ಒಂದು ಹಳೆಯ ಸಣ್ಣ ಕಾರು ಇಟ್ಟುಕೊಂಡು ಹೆಂಗಸರಿಗಾಗಿಯೇ ಡ್ರೈವಿಂಗ್ ಕ್ಲಾಸು ತೆಗೆದಿದ್ದರು. ಸೀರೆಯ ಕೆಳಗೆ ಗಂಡಸರ ಕಪ್ಪು ಬೂಟು. ಬಾಯಲ್ಲಿ ಸದಾ ಒಂದು ಲವಂಗ. ಸಿಟ್ಟು ಬಂದಾಗ ಆ ಲವಂಗ ಕಟುಂ ಎಂದು ಒಡೆಯುವ ಸದ್ದು ಪಕ್ಕದವರಿಗೆ ಕೇಳುತ್ತಿತ್ತು. ದಿನಕ್ಕೆ ಹತ್ತು ಸಲವಾದರೂ ಕೇಳುತ್ತಿತ್ತು.

ನಾನು ಅವರ ಹತ್ತಿರ ಹೋದದ್ದು ಬಸ್ಸಿನ ಕಾಟಕ್ಕೆ. ಮುಂಡರಗಿ ದಾಟಿ ಒಳಗೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಗಂಡನ ಮನೆ ಗದಗಿಗೆ ಅಂಟಿಕೊಂಡ ಮಲ್ಲಸಮುದ್ರ. ಅಲ್ಲಿಂದ ಆಟೋ, ಗದಗಿನಿಂದ ಬಸ್ಸು, ಮುಂಡರಗಿಯಿಂದ ಸಿಕ್ಕಿದ ಟೆಂಪೋ. ಸಂಜೆ ಮತ್ತೆ ಅದೇ. ಮನೆಯಲ್ಲಿ ಕಾರಿತ್ತು. ನಮ್ಮವರು ಬೈಕಿನ ಮೇಲೆ ತಮ್ಮ ಗೊಬ್ಬರದ ಅಂಗಡಿಗೆ ಹೋಗುತ್ತಿದ್ದರು, ಕಾರು ವಾರಕ್ಕೆ ಐದು ದಿನ ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. ನಾನು ಕಲಿಯುತ್ತೇನೆ ಎಂದಾಗ ಯಾರೂ ಬೇಡ ಅನ್ನಲಿಲ್ಲ. ಕಲಿಯುತ್ತಾಳೆ ಎಂದು ಯಾರೂ ನಂಬಿರಲಿಲ್ಲ, ಅಷ್ಟೇ.

ಬಾಯಾರು ಕಲಿಸುವ ರೀತಿ ಬೇರೆ ಇತ್ತು. ಮೊದಲ ಮೂರು ದಿನ ನನ್ನನ್ನು ಗೇರಿನ ಹತ್ತಿರವೂ ಬಿಡಲಿಲ್ಲ. ತಾವೇ ನಿಧಾನವಾಗಿ ನಡೆಸುತ್ತ, ಪಕ್ಕದಲ್ಲಿ ಕೂತ ನನಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಹೇಳಿದರು.

"ಏನ ಕಾಣತೈತಿ? ಹೇಳು."

"ರಸ್ತಾ ರೀ."

"ರಸ್ತಾ ಕುರುಡರಿಗೂ ಗೊತ್ತಿರತೈತಿ. ಮತ್ತ ಏನ ಕಾಣತೈತಿ?"

"ಎಮ್ಮಿ. ಸೈಕಲ್ ಮ್ಯಾಲೆ ಒಬ್ಬ ಅಜ್ಜ. ಎಡಕ್ಕ ಆಟೋ ನಿಂತೈತಿ."

"ಆಟೋದಾಗಿಂದ ಯಾರರ ಇಳ್ಯಾಕತ್ತಾರೇನು?"

"ಕಾಣವಲ್ದ್ರಿ."

"ಕಾಣವಲ್ದು ಅಂದ್ರ ಇಳ್ಯಾಕತ್ತಾರಂತ ತಿಳ್ಕೊ. ನೀ ಹೊಡ್ಯಾಗ ಆವಾಗ ಬ್ರೇಕಿನ ಮ್ಯಾಲೆ ಕಾಲ ಇರಬೇಕು."

ಹೀಗೆ ಬೆಟಗೇರಿಯ ಮಗ್ಗದ ಓಣಿಗಳಲ್ಲಿ, ಎಪಿಎಂಸಿಯ ಹಿಂದಿನ ರಸ್ತೆಯಲ್ಲಿ, ಎಮ್ಮೆ, ಕಲ್ಲು, ಹುಡುಗಿ, ನಾಯಿ, ಹಾಲಿನ ಕ್ಯಾನು ಎಂದು ಜಪ ಮಾಡುತ್ತ ಕಲಿತೆ. ತಪ್ಪಿದರೆ ಬೈಗುಳ ಸುರಿಯುತ್ತಿತ್ತು. "ಮಕ್ಕಳಿಗೆ ಪಾಠ ಮಾಡ್ತಿ, ನಿನಗ ಕನ್ನಡಿ ನೋಡು ಅಂತ ನಾ ಎಷ್ಟ ಸಲ ಹೇಳ್ಬೇಕು?" ಒಂದು ದಿನ ಅತ್ತುಬಿಟ್ಟೆ. ಅವರು ಗಾಡಿ ಬದಿಗೆ ನಿಲ್ಲಿಸಿ, ತಮ್ಮ ಡಬ್ಬಿಯಿಂದ ಶೇಂಗಾದ ಉಂಡಿ ತೆಗೆದು ನನ್ನ ಕೈಗಿಟ್ಟು, "ಅಳೂದು ಮುಗೀತಂದ್ರ ಹೇಳು, ಹೋಗೂಣು" ಎಂದರು. ಸಮಾಧಾನ ಮಾಡಲಿಲ್ಲ. ಆ ಉಂಡಿಯ ರುಚಿ ಇನ್ನೂ ನೆನಪಿದೆ.

ಎರಡು ತಿಂಗಳಿಗೆ ಲೈಸೆನ್ಸು ಬಂತು. ಆಗ ಮನೆಯವರಿಗೆ ಎಚ್ಚರವಾಯಿತು.

ನಮ್ಮ ಮಾವನವರು ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಜಗುಲಿಯ ಮೇಲೆ ಕೂತು ಅವರು ನನ್ನ ಗಂಡನಿಗೆ ಹೇಳಿದರು. ನನಗಲ್ಲ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

"ಗಾಡಿ ಹೊಡೀಲಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ದಿನಾ ಮುಂಜಾನಿ ಊರ ನಡುವ ಸೊಸಿ ಸ್ಟೇರಿಂಗ್ ಹಿಡಕೊಂಡು ಹೊಂಟದ್ದನ್ನ ಕಟ್ಟಿ ಮ್ಯಾಲೆ ಕುಂತವರೆಲ್ಲಾ ನೋಡೂದು ನನಗ ಬ್ಯಾಡ. ಗ್ಲಾಸಿಗೆ ಕರೀ ಫಿಲಂ ಹಚ್ಚಿಸು. ಮುಂದನೂ, ಹಿಂದನೂ."

ನಮ್ಮವರು ಒಳಗೆ ಬಂದು ಇದನ್ನು ಬಿಸಿಲಿನ ಮಾತಾಗಿ ಬದಲಿಸಿ ಹೇಳಿದರು. "ಬ್ಯಾಸಿಗ್ಯಾಗ ನಿನಗ ತ್ರಾಸ ಆಕತಿ. ಫಿಲಂ ಹಾಕಸೂಣು." ನನಗೆ ಹೊರಗಿನ ಮಾತು ಕೇಳಿಸಿತ್ತು. ಕೇಳಿಸಿದ್ದು ಅವರಿಗೂ ಗೊತ್ತಿತ್ತು. ನಾನು ತಲೆಯಾಡಿಸಿದೆ.

ಗದಗಿನ ಅಂಗಡಿಗೆ ಹೋಗುವಾಗ ಬಾಯಾರನ್ನೂ ಬರಲು ಕೇಳಿಕೊಂಡೆ. ಗಾಡಿಯ ವಿಷಯ ತಿಳಿದವರು ಇರಲಿ ಎಂದು ನಮ್ಮವರಿಗೆ ಹೇಳಿದೆ. ಒಳಗಿನ ಸತ್ಯ ಬೇರೆ. ನಾನು ಆಡಲಾರದ ಮಾತನ್ನು ಅವರು ಆಡಲಿ ಎಂದು ಕರೆದೊಯ್ದಿದ್ದೆ.

ಅಂಗಡಿಯವನು ಫಿಲಂ ತುಂಡುಗಳ ಪುಸ್ತಕ ಬಿಚ್ಚಿದ. ಒಂದೊಂದರ ಮೇಲೂ ಒಂದು ಅಂಕಿ. ಅಂಕಿ ಸಣ್ಣದಾದಷ್ಟೂ ಕಪ್ಪು ಹೆಚ್ಚು. ಐವತ್ತು ಎಂದರೆ ಅರ್ಧ ಬೆಳಕು ಒಳಗೆ ಬರುತ್ತದೆ, ಐದು ಎಂದರೆ ಬರುವುದೇ ಇಲ್ಲ ಅನ್ನಬಹುದು. ನಮ್ಮವರು ಪುಸ್ತಕವನ್ನು ಬಿಸಿಲಿಗೆ ಹಿಡಿದು ನೋಡಿ, ಮುಂದಿನ ಎರಡು ಬಾಗಿಲಿಗೆ ಇಪ್ಪತ್ತು, ಹಿಂದಿನ ಬಾಗಿಲಿಗೂ ಹಿಂಬದಿಯ ದೊಡ್ಡ ಗಾಜಿಗೂ ಐದು ಎಂದು ಬೆರಳಿಟ್ಟರು.

ಲವಂಗ ಒಡೆದ ಸದ್ದು ಕೇಳಿಸಿತು.

"ಅಣ್ಣಾರ, ಈಗ ಹೊತ್ತ ಎಷ್ಟಾಗೈತಿ?" ಎಂದರು ಬಾಯಾರು.

"ಹನ್ನೆರಡೂವರಿ."

"ಮಟಮಟ ಮಧ್ಯಾಹ್ನದಾಗ ಫಿಲಂ ಆರಸಾಕತ್ತೀರಿ. ಈಕಿ ಮುಂಡರಗಿಯಿಂದ ಮನಿಗೆ ಮುಟ್ಟೂದು ದೀಪ ಹಚ್ಚೂ ಹೊತ್ತಿಗೆ. ಆ ಹೊತ್ತಿನ್ಯಾಗ ಬಂದು ಆರಸ್ರಿ, ಆವಾಗ ಗೊತ್ತಾಕತಿ. ಕೈಯಾಗ ಹಿಡದ್ರ ತಿಳಿ ಕಾಣತೈತಿ, ಗ್ಲಾಸಿಗೆ ಹಚ್ಚಿದ ಮ್ಯಾಲೆ ಇನ್ನೂ ಕರ್ರಗ ಆಕತಿ. ಕಂಪನಿ ಗ್ಲಾಸಿಗೆ ಮೊದಲ ಸ್ವಲ್ಪ ಬಣ್ಣ ಇರತೈತಿ. ಹಿಂದಿನ ದೊಡ್ಡ ಗ್ಲಾಸಿನ್ಯಾಗ ನೂರಕ್ಕ ಎಪ್ಪತ್ತು ಬೆಳಕು ಹಾಯಬೇಕು, ಬದಿ ಗ್ಲಾಸಿನ್ಯಾಗ ಐವತ್ತು. ಕಾಯ್ದೇನ ಹಂಗೈತಿ. ಬಿಸಿಲಿಗಂದ್ರ ಬಿಳೀ ಫಿಲಂ ಐತಿ, ಶಾಖ ತಡೀತೈತಿ, ಕಣ್ಣ ಕಟ್ಟೂದಿಲ್ಲ. ಅದನ್ನ ಹಾಕಸ್ರಿ."

"ಎಲ್ಲಾರೂ ಇದನ್ನ ಹಾಕಸ್ತಾರ್ರಿ ಬಾಯಾರ," ಅಂದ ಅಂಗಡಿಯವನು. "ಯಾರೂ ಕೇಳಂಗಿಲ್ಲ."

"ನಮ್ಮ ಗಾಡಿ ಯಾರ ಹಿಡೀತಾರ್ರಿ," ಅಂದರು ನಮ್ಮವರು, ನಕ್ಕು.

ಬಾಯಾರು ನಗಲಿಲ್ಲ. "ಗಾಡಿ ಹೊಡಿಯಾಕಿ ಈಕಿ. ಈಕಿನ್ನ ಕೇಳ್ರಿ" ಎಂದು ನನ್ನ ಕಡೆ ತಿರುಗಿದರು. "ಹೇಳು. ನಿನಗ ಎಷ್ಟ ಬೇಕು?"

ಮೂವರೂ ನನ್ನನ್ನೇ ನೋಡುತ್ತಿದ್ದರು. ಮೂವತ್ತೆಂಟು ವರ್ಷದ ಹೆಂಗಸು ನಾನು, ದಿನಾ ಅರವತ್ತು ಮಕ್ಕಳ ಎದುರು ನಿಂತು ಗಂಟಲು ಹರಿದುಕೊಳ್ಳುವವಳು. "ಮನ್ಯಾಗ ಹೆಂಗಂತಾರ ಹಂಗ ರೀ" ಅಂದೆ.

ಬಾಯಾರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಸೆರಗು ಕೊಡವಿಕೊಂಡು ಅಂಗಡಿಯಿಂದ ಇಳಿದು ನಡೆದೇ ಹೋದರು. ನಮ್ಮವರು, "ಬಾಳ ಜೋರದಾಳ ಹೆಣ್ಣಮಗಳು" ಅಂದರು. ಸಂಜೆಯ ಹೊತ್ತಿಗೆ ನಮ್ಮ ಕಾರು ಮುಂದಿನ ಗಾಜೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಕಪ್ಪಾಗಿ ಮನೆಗೆ ಬಂತು. ಮಾವನವರು ಸುತ್ತು ಹಾಕಿ ನೋಡಿ, ಒಳಗೆ ಕೂತ ನಾನು ಬದಿಯಿಂದ ಕಾಣುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಈಗ ಆತು" ಅಂದರು.

ಮೂರು ತಿಂಗಳು ಹಾಗೇ ನಡೆಸಿದೆ. ಮುಂಜಾನೆ ತೊಂದರೆಯಿರಲಿಲ್ಲ. ಸಂಜೆ ಡಂಬಳ ದಾಟುವ ಹೊತ್ತಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಮಸುಕಾಗುತ್ತಿದ್ದವು, ಬದಿಯ ಕನ್ನಡಿಯಲ್ಲಿ ಹಿಂದಿನ ಗಾಡಿಯ ದೀಪ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ತಿರುವಿನಲ್ಲಿ ಗಾಜು ಇಳಿಸಿ, ತಲೆ ಹೊರಗೆ ಹಾಕಿ ನೋಡಿ, ಊರು ಹತ್ತಿರ ಬಂದಾಗ ಮತ್ತೆ ಏರಿಸುತ್ತಿದ್ದೆ. ಇಷ್ಟು ಕಷ್ಟ ಯಾಕೆ ಪಡುತ್ತಿದ್ದೇನೆ ಎಂದು ಒಂದು ದಿನವೂ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಚಳಿಗಾಲ ಬಂತು. ಹತ್ತನೆಯ ತರಗತಿಗೆ ವಿಶೇಷ ಪಾಠ ಮುಗಿಸಿ ಬರುವಷ್ಟರಲ್ಲಿ ಕತ್ತಲು ಇಳಿಯುತ್ತಿತ್ತು. ಆ ದಿನವೂ ಎಂದಿನಂತೆ ಓಣಿಯಲ್ಲಿ ಗಾಡಿ ತಿರುಗಿಸಿ, ಹಿಮ್ಮುಖವಾಗಿ ಅಂಗಳದೊಳಗೆ ತೆಗೆದುಕೊಳ್ಳುತ್ತಿದ್ದೆ. ಎಡಗನ್ನಡಿ ನೋಡಿದೆ, ಬಲಗನ್ನಡಿ ನೋಡಿದೆ, ತಿರುಗಿ ಹಿಂದಿನ ಗಾಜು ನೋಡಿದೆ. ಮನೆಯ ಬಾಗಿಲ ದೀಪ ಮಸುಕಾಗಿ ಕಂಡಿತು. ಬೇರೇನೂ ಕಾಣಲಿಲ್ಲ. ಕಾಲು ಒತ್ತಿದೆ. ಮೂಟೆಗೆ ಮೂಟೆ ತಾಗಿದಂಥ ಮೆತ್ತನೆಯ ಸದ್ದಾಯಿತು. ಆಮೇಲೆ "ಯವ್ವಾ" ಎಂಬ ದನಿ.

ನಮ್ಮ ಅತ್ತೆ. ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಬಗ್ಗಿ ತುಂಬಿಕೊಳ್ಳುತ್ತಿದ್ದರು. ನಾನು ನೋಡೇ ನೋಡುತ್ತೇನೆ ಎಂದುಕೊಂಡಿದ್ದರು. ಗಾಡಿ ಇಳಿದು ಓಡಿದಾಗ ಅವರು ಕೆಂಪು ಮೆಣಸಿನಕಾಯಿಯ ನಡುವೆ ಬಿದ್ದಿದ್ದರು, ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

ತೊಡೆಯ ಎಲುಬು ಮುರಿದಿತ್ತು. ಗದಗಿನ ಆಸ್ಪತ್ರೆಯಲ್ಲಿ ರಾಡು ಹಾಕಿ ಜೋಡಿಸಿದರು. ನೋಡಲು ಬಂದ ನೆಂಟರಿಗೆಲ್ಲ ಮಾವನವರು ಒಂದೇ ಮಾತು ಹೇಳಿದರು: "ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ಟದ್ದು ನಮ್ಮ ತಪ್ಪು." ಬಂದವರೆಲ್ಲ ಹೌದೆಂದರು. ನಮ್ಮವರು ಗೋಡೆ ನೋಡುತ್ತ ನಿಂತರು. ಗಾಜಿನ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒತ್ತಿದ್ದು ನನ್ನ ಕಾಲು, ಅದನ್ನು ಇಂದಿಗೂ ಅಲ್ಲಗಳೆಯುವುದಿಲ್ಲ. ಆದರೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದವರು ಆಸ್ಪತ್ರೆಯ ವರಾಂಡದಲ್ಲಿ ನಿಂತು ನನಗೆ ಬುದ್ಧಿ ಹೇಳುತ್ತಿದ್ದರು. ಕಾರಿನ ಚಾವಿ ಮಾವನವರ ಅಂಗಿಯ ಕಿಸೆ ಸೇರಿತು. ನಾನು ಮತ್ತೆ ಬಸ್ಸು ಹತ್ತಿದೆ.

ಅತ್ತೆಯನ್ನು ಮನೆಗೆ ಕರೆತಂದ ವಾರಕ್ಕೆ ಬಾಯಾರು ಬಂದರು. ಸಂಜೆ, ಆಗಷ್ಟೇ ದೀಪ ಹಚ್ಚಿದ್ದೆವು. ಯಾರಿಂದಲೋ ಖಬರು ತಿಳಿದಿತ್ತು. ನನ್ನ ಮುಖವನ್ನೂ ನೋಡದೆ ಒಳಗೆ ಹೋಗಿ ಅತ್ತೆಯ ಮಂಚದ ಮೇಲೆ ಕೂತು, ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನಾಯಿತು, ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಾಗಿತ್ತು ಎಂದು ಒಂದೊಂದೇ ಕೇಳಿದರು. ಅತ್ತೆ ಎಲ್ಲ ಹೇಳಿದರು. ಅವರನ್ನು ಅಷ್ಟು ಕೂಲಂಕಷವಾಗಿ ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಬಾಯಾರು ಎದ್ದು ಪಡಸಾಲೆಗೆ ಬಂದರು. "ಯಜಮಾನ್ರ, ಚಾವಿ ಕೊಡ್ರಿ."

ಮಾವನವರು ಕೂತಲ್ಲಿಂದ ಏಳಲಿಲ್ಲ. "ಇದು ನಮ್ಮ ಮನಿ ವಿಚಾರ. ನೀವು ಕಲಿಸಿದ್ದ ಸಾಕು."

"ನಾ ಕಲಿಸಿದ್ದು ನೋಡಿ ಹೊಡಿಯಾಕ. ನೀವು ಆಕಿ ಕಣ್ಣ ಮುಚ್ಚಿಸಿದ್ರಿ. ಆ ಕಣ್ಣು ಮುಚ್ಚಿಸಿದ್ದನ್ನ ನಿಮಗ ತೋರಸಾಕ ಬಂದೀನಿ. ಕೊಡ್ರಿ."

"ನಮ್ಮ ಮನ್ಯಾಗ ನಿಂತು ನನಗ ಹೇಳಾಕ ನೀ ಯಾರು?"

ಆಗ ಒಳಗಿನಿಂದ ಅತ್ತೆಯ ದನಿ ಬಂತು. "ಕೊಡ್ರಿ ಅಂತೀನಿ ಚಾವಿ."

ನಾನು ಆ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅತ್ತೆ ಮಾವನವರಿಗೆ ಹೀಗೆ ಹೇಳಿದ್ದನ್ನು ಎಂದೂ ಕೇಳಿರಲಿಲ್ಲ. ಬಹುಶಃ ಮಾವನವರೂ ಕೇಳಿರಲಿಲ್ಲ. ಚಾವಿ ಟೀಪಾಯಿಯ ಮೇಲೆ ಬಿತ್ತು.

ಬಾಯಾರು ನಮ್ಮವರನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿ, ಗಾಜು ಏರಿಸಲು ಹೇಳಿ, ಬಾಗಿಲು ಹಾಕಿದರು. ತಾವು ಗಾಡಿಯ ಹಿಂದೆ ಹೋಗಿ, ಮೆಣಸಿನಕಾಯಿ ಹರಡಿದ್ದ ಜಾಗದಲ್ಲೇ ಬಗ್ಗಿ ನಿಂತರು. ನಾನು ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡುತ್ತಿದ್ದೆ.

"ಅಣ್ಣಾರ, ಹಿಂದ ತಿರುಗಿ ನೋಡ್ರಿ. ಏನ ಕಾಣತೈತಿ ಹೇಳ್ರಿ!"

"ದೀಪ ಕಾಣತೈತಿ," ಒಳಗಿನಿಂದ ನಮ್ಮವರ ದನಿ ಸಣ್ಣಗೆ ಬಂತು. "ಗ್ವಾಡಿ ಇದ್ದಂಗ ಐತಿ."

"ನಾ ಎಲ್ಲಿದೀನಿ?"

"ಕಾಣವಲ್ದ್ರಿ."

ಬಾಯಾರು ಡಿಕ್ಕಿಯ ಮೇಲೆ ಬಲವಾಗಿ ಬಡಿದರು. ಓಣಿಯ ನಾಯಿ ಬೊಗಳಿತು. "ಇಲ್ಲೇ ಅದೀನಿ! ನಿಮ್ಮವ್ವ ಇಲ್ಲೇ ಇದ್ಲು! ಇನ್ನೊಂದು ಹೆಜ್ಜಿ ಗಾಡಿ ಹಿಂದ ಬಂದಿದ್ರ ಇವತ್ತ ಆಕಿ ಫೋಟೋಕ್ಕ ಮಾಲಿ ಹಾಕಿರ್ತಿದ್ರಿ!"

ನಮ್ಮವರು ಇಳಿದು ಬಂದರು. ಮುಖ ಬಿಳಿಚಿಕೊಂಡಿತ್ತು. ಅಪ್ಪನ ಕಡೆ ನೋಡಿದರು. ಮಾವನವರು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಾಯಾರು ಚೀಲದಿಂದ ಒಂದು ಬ್ಲೇಡು ತೆಗೆದರು. ಅವರೇ ಕೀಳುತ್ತಾರೆ ಎಂದು ನಾನು ಬದಿಗೆ ಸರಿದೆ. ಅವರು ಬ್ಲೇಡನ್ನು ನನ್ನ ಕೈಗೆ ಕೊಟ್ಟರು.

"ನೀ ತಗಿ. ನಾ ಯಾಕ ತಗೀಲಿ? ನಿನ್ನ ಬಾಯಿಂದ ಹಚ್ಚಿಸಿಕೊಂಡದ್ದು ಇದು. ಅಂಗಡ್ಯಾಗ ನಾ ಕೇಳಿದಾಗ ಮನ್ಯಾಗ ಹೆಂಗಂತಾರ ಹಂಗ ಅಂದಿ. ನಿನಗ ಗೊತ್ತಿದ್ದಿಲ್ಲೇನು? ಗೊತ್ತಿತ್ತು. ಗೊತ್ತಿದ್ದೂ ಸುಮ್ಮನ ಇದ್ದಿ. ನಿಮ್ಮ ಮಾವನ ಮ್ಯಾಲೆ ನನಗ ಅಷ್ಟ ಸಿಟ್ಟಿಲ್ಲ, ಆತಗ ಏನೂ ತಿಳಿಯೂದಿಲ್ಲ. ನಿನ್ನ ಮ್ಯಾಲೆ ಐತಿ."

ಬಿಸಿ ನೀರು ತಂದೆ. ಅವರು ಹೇಳಿದಂತೆ ಬಟ್ಟೆ ಅದ್ದಿ ಗಾಜಿಗೆ ಒತ್ತಿ ಹಿಡಿದು, ಮೂಲೆಯನ್ನು ಬ್ಲೇಡಿನಿಂದ ಎಬ್ಬಿಸಿ, ನಿಧಾನವಾಗಿ ಎಳೆದೆ. ಮೊದಲ ತುಂಡು ಪರ್ರೆಂದು ಅರ್ಧಕ್ಕೇ ಹರಿಯಿತು. "ಜಲ್ದಿ ಮಾಡಬ್ಯಾಡ. ಸಿಟ್ಟ ಇರಲಿ, ಕೈ ನಿಧಾನ ಇರಲಿ," ಅಂದರು. ಒಂದೊಂದೇ ಗಾಜಿನ ಕಪ್ಪು ಕಿತ್ತು ಅಂಗಳಕ್ಕೆ ಎಸೆದೆ. ಅಂಟು ಉಳಿದಿತ್ತು, ಸಾಬೂನು ನೀರು ಹಾಕಿ ತಿಕ್ಕಿದೆ. ಉಗುರು ಕಿತ್ತುಬಂದಿತ್ತು. ನೋವು ಗೊತ್ತಾದದ್ದು ಮರುದಿನ. ಅಷ್ಟು ಹೊತ್ತೂ ಅಳು ಬರಲಿಲ್ಲ. ನನ್ನೊಳಗೆ ಅಷ್ಟೊಂದು ಸಿಟ್ಟಿದೆ ಎಂಬುದು ನನಗೆ ಗೊತ್ತಾದದ್ದೇ ಅಂದು. ನಮ್ಮವರು ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ಇನ್ನೊಂದು ಬಕೆಟ್ಟು ನೀರು ತಂದಿಟ್ಟರು.

ಮರುವಾರ ಮತ್ತೆ ಗಾಡಿ ತೆಗೆದೆ. ಮೊದಲ ದಿನ ಅಂಗಳ ದಾಟುವಾಗ ಎರಡು ಸಲ ಇಂಜಿನ್ ಆರಿತು. ಕಟ್ಟೆಯ ಮೇಲೆ ಕೂತವರು ನೋಡಿದರು. ನಾನೂ ಅವರನ್ನು ನೋಡಿದೆ. ತಿಂಗಳೊಳಗೆ ಅವರಿಗೆ ಬೇಸರವಾಗಿ ನೋಡುವುದು ಬಿಟ್ಟರು. ಇದಕ್ಕೆ, ಈ ನಾಲ್ಕು ದಿನದ ನೋಟಕ್ಕೆ, ಒಂದು ಕಾಲು ಮುರಿಯಬೇಕಿತ್ತೆ? ಮಾವನವರು ಇಂದಿಗೂ ನಾನು ನಡೆಸುವ ಗಾಡಿ ಹತ್ತಿಲ್ಲ. ಅವರ ತಾಟಿಗೆ ಬಿಸಿ ರೊಟ್ಟಿ ನಾನೇ ಹಾಕುತ್ತೇನೆ, ಔಷಧ ನಾನೇ ತರುತ್ತೇನೆ. ಒಂದು ಸಲವಾದರೂ "ನನ್ನ ತಪ್ಪು" ಎಂದಿದ್ದರೆ ಎಲ್ಲ ಮರೆತುಬಿಡುತ್ತಿದ್ದೆನೇನೋ. ಅಂದಿಲ್ಲ. ನಾನು ಮರೆತಿಲ್ಲ.

ಬಾಯಾರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಿಡ್ನಿಗೆ ಹೋಯಿತು. ವಾರಕ್ಕೆರಡು ಸಲ ಡಯಾಲಿಸಿಸ್. ಮೊದಮೊದಲು ತಾವೇ ಗಾಡಿ ನಡೆಸಿಕೊಂಡು ಹೋಗಿ ಮಲಗಿ ಬರುತ್ತಿದ್ದರು. ಆಮೇಲೆ ಶಕ್ತಿ ಉಡುಗಿದಾಗ ಭಾನುವಾರದ ಸರದಿಗೆ ನಾನು ಕರೆದೊಯ್ಯತೊಡಗಿದೆ. ಎಡಗಡೆ ಕೂತು, ಕಣ್ಣು ಮುಚ್ಚಿಕೊಂಡೇ, "ಮೂರನೇ ಗೇರ್ ಹಾಕು, ಇಂಜಿನ್ ಒದರಾಕತ್ತೈತಿ," ಅನ್ನುತ್ತಿದ್ದರು. ಒಂದು ಭಾನುವಾರ, ಆಸ್ಪತ್ರೆಯ ಎದುರು ಗಾಡಿ ನಿಲ್ಲಿಸಿ, "ಬಾಯಾರ, ನೀವಿಲ್ದಿದ್ರ..." ಎಂದು ಶುರುಮಾಡಿದೆ.

"ಬ್ಯಾಡ," ಅಂದರು. "ಅಂಗಡ್ಯಾಗ ನೀ ಬಾಯಿ ಬಿಟ್ಟಿದ್ರ ನಾ ನಿಮ್ಮ ಮನೀಗೆ ಬರೂದ ಇರತಿದ್ದಿಲ್ಲ. ಆ ಸಿಟ್ಟು ನನಗ ಇನ್ನೂ ಹೋಗಿಲ್ಲ. ನಿನಗೂ ಹೋಗಬಾರದು." ನನ್ನ ಕೈ ಹಿಡಿದುಕೊಂಡೇ ಇಳಿದರು. ಬಿಡಲಿಲ್ಲ, ಒಳಗೆ ಮಂಚದವರೆಗೂ.

ಈ ವರ್ಷ ಮಳೆ ಶುರುವಾಗುವ ಮುಂಚೆ ಅವರು ತೀರಿಕೊಂಡರು. ಶಾಲೆಗೆ ಫೋನು ಬಂತು. ಮನೆಗೆ ಬಂದು ಹೊರಡುವಾಗ ಅತ್ತೆ, "ನಾನೂ ಬರ್ತೀನಿ" ಎಂದು ಕೋಲು ಹಿಡಿದು ಮುಂದಿನ ಸೀಟು ಹತ್ತಿದರು. ಬೆಟಗೇರಿಯ ಆ ಓಣಿ ಇಕ್ಕಟ್ಟು, ಗಾಡಿ ಒಳಗೆ ಹೋಗುವುದಿಲ್ಲ. ಅತ್ತೆಗೆ ಅಷ್ಟು ದೂರ ನಡೆಯಲಾಗದು. ಗಾಡಿಯಲ್ಲೇ ಕೂತಿರಿ ಎಂದು ಹೇಳಿ ನಾನು ಹೋದೆ.

ಬಾಗಿಲಲ್ಲಿ ಅವರ ಕಡೆಯ ಗಂಡಸರು ನಿಂತಿದ್ದರು. ಹಿರಿಯರೊಬ್ಬರು ಬಂದವರಿಗೆಲ್ಲ ಹೇಳುತ್ತಿದ್ದರು: "ಬಾಯಿ ಬಾಳ ಜೋರಿತ್ತು ನೋಡ್ರಿ ಆಕೀದು. ಆದ್ರ ಮನಸು ಚಲೋ ಇತ್ತು."

ಒಂದು ಸಲ ಕೇಳಿ ಸುಮ್ಮನೆ ಒಳಗೆ ಹೋದೆ. ನಮಸ್ಕಾರ ಮಾಡಿ ಹೊರಬಂದಾಗ ಮತ್ತೆ ಅದನ್ನೇ ಹೇಳುತ್ತಿದ್ದರು. ಆ "ಆದ್ರ" ನನಗೆ ತಡೆಯಲಾಗಲಿಲ್ಲ. ಅವರ ಸಿಟ್ಟು ಏನೋ ಒಂದು ಕೊರತೆ, ಸತ್ತವರೆಂದು ಅದನ್ನು ಮನ್ನಿಸಿಬಿಡಬೇಕು ಎಂಬಂತಿತ್ತು ಆ ಮಾತು.

"ಅಜ್ಜಾರ," ಅಂದೆ. ನನ್ನ ದನಿ ಓಣಿಯ ತುದಿಗೆ ಕೇಳುವಷ್ಟು ಏರಿತ್ತು. "ಆದ್ರ ಅನಬ್ಯಾಡ್ರಿ. ಬಾಯಿ ಜೋರಿತ್ತು, ಅದಕ್ಕ ಚಲೋ ಇದ್ರು. ನಾವು ನೂರು ಮಂದಿ ಸುಮ್ಮನ ಇದ್ದಾಗ ಅವರೊಬ್ಬರ ಬೈದ್ರು. ಅದನ್ನ ಹೇಳ್ರಿ ಮಂದಿಗೆ."

ಅಜ್ಜ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಯಾರೋ "ಯಾರಾಕಿ?" ಅಂದರು. ಇನ್ಯಾರೋ "ಆಕಿ ಕಡೆ ಗಾಡಿ ಕಲತಾಕಿ" ಅಂದರು.

ನಡೆದು ಬಂದು ಗಾಡಿಯಲ್ಲಿ ಕೂತೆ. ಅತ್ತೆ ತಮ್ಮ ಕೋಲನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದರು.

"ಯಾರ ಮ್ಯಾಲೆ ಒದರಿದಿ? ಇಲ್ಲೀತನಕ ಕೇಳಿಸ್ತು."

ಹೇಳಿದೆ.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಚಲೋ ಮಾಡಿದಿ," ಅಂದರು. "ನಡಿ ಇನ್ನ."